ವಾಲ್ಯೂಮು ಯಾರ ಕೈಯಲ್ಲಿ

ಚಿಕ್ಕಮ್ಮನ ಮೇಲಿದ್ದ ಆರೋಪ ಒಂದೇ ಸಾಲಿನದು: ಮೇಸ್ತ್ರಿ ಹಿಂದಿನಿಂದ ಮೂರು ಸಲ ಕೂಗಿ ಹೇಳಿದರೂ ಮಗ್ಗ ನಿಲ್ಲಿಸಲಿಲ್ಲ. ಮೂವತ್ತೊಂದು ವರ್ಷ ನಲವತ್ತು ವಿದ್ಯುತ್ ಮಗ್ಗಗಳ ಅದೇ ಶೆಡ್ಡಿನಲ್ಲಿ ನಾಲ್ಕು ಮಗ್ಗ ನೋಡಿಕೊಂಡ ಹೆಂಗಸನ್ನು ಮನೆಗೆ ಕಳಿಸಲು ಕಾರ್ಖಾನೆಗೆ ಆ ಒಂದು ಸಾಲು ಸಾಕಾಗಿತ್ತು. ಕೇಳಿಸಿತು ಎಂದರೆ ಅವಿಧೇಯತೆ, ಹೊರಗೆ. ಕೇಳಿಸಲಿಲ್ಲ ಎಂದರೆ ಕಿವುಡಿ, ಕೆಲಸಕ್ಕೆ ನಾಲಾಯಕ್ಕು, ಆಗಲೂ ಹೊರಗೆ. ಉಳಿದಿದ್ದು ಒಂದೇ ದಾರಿ. ಆ ಶೆಡ್ಡಿನಲ್ಲಿ ಯಾರ ಕೂಗೂ ಯಾರ ಕಿವಿಗೂ ಬೀಳುವುದಿಲ್ಲ, ಅವಳ ಕಿವಿ ತಿಂದದ್ದು ಆ ಸದ್ದೇ ಎಂದು ತೋರಿಸಿಕೊಡಬೇಕಿತ್ತು.

ಅದನ್ನು ತೋರಿಸುವ ಮೊದಲೇ ಕಾರ್ಖಾನೆಯವರು ಬೇರೊಂದನ್ನು ತೋರಿಸಿಬಿಟ್ಟರು.

ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಮೊದಲ ವಿಚಾರಣೆಯ ದಿನ ಅವರ ಕಡೆಯಿಂದ ಒಬ್ಬ ಧ್ವನಿ ತಜ್ಞರು ಬಂದರು. ಕಪ್ಪು ಪೆಟ್ಟಿಗೆಯೊಳಗೆ, ಮೆತ್ತನೆಯ ಹಾಸಿನ ಮೇಲೆ, ಎಳೆಗೂಸಿನ ಹಾಗೆ ಮಲಗಿತ್ತು ಅವರ ಮೈಕು. ಇದು ಅತ್ಯಂತ ದುಬಾರಿ ಮೈಕು, ಇದ್ದದ್ದನ್ನು ಇದ್ದ ಹಾಗೇ ಹಿಡಿಯುತ್ತದೆ ಎಂದರು. ಆಮೇಲೆ ಲ್ಯಾಪ್‌ಟಾಪ್ ತೆರೆದು ಶೆಡ್ಡಿನ ರೆಕಾರ್ಡಿಂಗ್ ಹಾಕಿದರು. ಪಕ್ಕದ ಕೋಣೆಯಲ್ಲಿ ಯಾರೋ ಬಟಾಣಿ ಸುಲಿಯುತ್ತಿದ್ದಾರೇನೋ ಎಂಬಂಥ ಸದ್ದು ಬಂತು. ವಿಚಾರಣಾಧಿಕಾರಿ, ಕೂದಲೆಲ್ಲ ನರೆತ ಗಟ್ಟಿ ಹೆಂಗಸು, ತಲೆ ಎತ್ತಿ ಕೇಳಿದರು: "ಇಷ್ಟೇನಾ? ನಮ್ಮನೆ ಫ್ಯಾನು ಇದಕ್ಕಿಂತ ಜೋರಾಗಿದೆಯಲ್ಲ!"

ಕಾರ್ಖಾನೆಯ ವಕೀಲರು ನಕ್ಕರು. ಮೇಸ್ತ್ರಿಯೂ ನಕ್ಕ. ಏನು ಆಯಿತೆಂದು ತಿಳಿಯದ ಚಿಕ್ಕಮ್ಮ ಎಲ್ಲರ ಮುಖ ನೋಡಿ ತಾನೂ ಒಂದಿಷ್ಟು ನಕ್ಕಳು. ಉತ್ತರ ಕೊಡಲು ಒಂದು ವಾರ ಸಿಕ್ಕಿತು. ರೆಕಾರ್ಡಿಂಗಿನ ಪ್ರತಿಯನ್ನೂ ತಜ್ಞರ ವರದಿಯನ್ನೂ ಕಾರ್ಖಾನೆಯವರು ಧಾರಾಳವಾಗಿ ಕೊಟ್ಟು ಕಳಿಸಿದರು. ಸತ್ಯ ತಮ್ಮ ಕಡೆಗಿದೆ ಎಂದು ಅವರು ನಿಜವಾಗಿ ನಂಬಿದ್ದರು.

ಚಿಕ್ಕಮ್ಮನ ಅಕ್ಕನ ಮಗಳಿಗೆ ಬಸ್ ನಿಲ್ದಾಣದ ಹಿಂದೆ ಸ್ಪೀಕರು, ಆಂಪ್ಲಿಫೈಯರು ಸರಿ ಮಾಡುವ ಅಂಗಡಿ. ಬೀದಿಯವರೆಲ್ಲ ಅವಳನ್ನು ಕರೆಯುವುದು ರಿಪೇರಿ ಎಂದೇ. ಮರುದಿನ ಬೆಳಿಗ್ಗೆ ಅಂಗಡಿಗೆ ಕಾರ್ಮಿಕ ಸಂಘದ ಕಾರ್ಯದರ್ಶಿ ಬಂದ. ಜೇಬಲ್ಲಿ ಸದಾ ಎರಡು ಕರಪತ್ರ ಮಡಿಸಿಟ್ಟುಕೊಂಡಿರುತ್ತಿದ್ದದ್ದರಿಂದ ಅವನ ಹೆಸರೂ ಕರಪತ್ರ. ಇಬ್ಬರಿಗೂ ಭಾನುವಾರದ ಓದುಕೂಟದಲ್ಲಿ ಪರಿಚಯ. ಒಬ್ಬರು ಓದಿದರೆ ಮಿಕ್ಕವರು ಕೇಳುವ ಆ ಕೂಟದಲ್ಲಿ ಚಿಕ್ಕಮ್ಮ ವರ್ಷಕ್ಕೊಂದು ಸಾಲು ಮುಂದೆ ಸರಿಯುತ್ತ, ಈಗ ಓದುವವರ ತುಟಿಯ ಎದುರಿಗೇ ಕೂರುತ್ತಿದ್ದಳು.

"ಒಂದು ಐಡಿಯಾ ಇದೆ ರಿಪೇರಿ," ಎಂದ ಕರಪತ್ರ. "ಅವರದಕ್ಕಿಂತ ದೊಡ್ಡ ಮೈಕು ಬಾಡಿಗೆಗೆ ತರೋಣ. ಇನ್ನೂ ದುಬಾರೀದು."

"ತಕ್ಕಡಿ ದೊಡ್ಡದು ತಂದ್ರೆ ಆಲೂಗೆಡ್ಡೆ ತೂಕ ಜಾಸ್ತಿ ಆಗುತ್ತೇನೋ?"

"ಹಾಗಾದ್ರೆ ಇದು ಕೇಳು." ಅವನು ಫೋನು ತೆಗೆದ. ಶೆಡ್ಡಿನ ಹುಡುಗಿಯೊಬ್ಬಳು ಸೆರಗಿನಡಿ ಇಟ್ಟುಕೊಂಡು ರೆಕಾರ್ಡ್ ಮಾಡಿದ್ದಳಂತೆ. ಕೇಳಿದರೆ ಇದೂ ಬಟಾಣಿಯೇ, ಕೊಂಚ ಒರಟು ಬಟಾಣಿ.

ರಿಪೇರಿ ಆ ಫೋನಿಗೆ ಮೊದಲು ಪಿಸುಗುಟ್ಟಿದಳು, ಆಮೇಲೆ ಸುತ್ತಿಗೆಯಿಂದ ತಗಡಿಗೆ ಬಡಿದಳು. ವಾಪಸ್ ಹಾಕಿ ಕೇಳಿದರೆ ಪಿಸುಮಾತೂ ಸುತ್ತಿಗೆಯೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಬಂದವು.

"ನೋಡ್ದ್ಯಾ? ಇದರೊಳಗೆ ಒಂದು ವ್ಯವಸ್ಥೆ ಇದೆ. ಮೆಲ್ಲಗೆ ಮಾತಾಡಿದ್ರೆ ಎತ್ತಿ ಕೊಡುತ್ತೆ, ಯಾರಾದ್ರೂ ದನಿ ಎತ್ತಿದ್ರೆ ತಲೆ ಮೇಲೆ ಕೈಯಿಟ್ಟು ಅದುಮುತ್ತೆ."

"ನಮ್ಮ ಕಾರ್ಖಾನೆ ಪರ್ಸೊನೆಲ್ ಮ್ಯಾನೇಜರ್ ಇದ್ದ ಹಾಗೆ ಅನ್ನು."

ವರದಿಯಲ್ಲಿ ಒಂದು ಫೋಟೋ ಇತ್ತು. 'ಶಬ್ದ ನಿಯಂತ್ರಣ ಕ್ರಮಗಳು' ಎಂಬ ತಲೆಬರಹದ ಕೆಳಗೆ, ಶೆಡ್ಡಿನ ಗೋಡೆಯುದ್ದಕ್ಕೂ ಅಂಟಿಸಿದ ಮೊಟ್ಟೆ ಟ್ರೇಗಳು. ನೇಕಾರರಿಗೆ ಕಿವಿಗೆ ತುರುಕಿಕೊಳ್ಳುವ ಎರಡು ತುಂಡು ಸ್ಪಂಜು ಕೊಡದ ಕಾರ್ಖಾನೆ, ಗೋಡೆಗೆ ಮಾತ್ರ ರಟ್ಟು ಉಡಿಸಿ ಫೋಟೋ ಹಿಡಿಸಿತ್ತು.

"ಸ್ಟುಡಿಯೋದಲ್ಲೂ ಇದನ್ನೇ ಅಂಟಿಸ್ತಾರಲ್ವಾ?" ಎಂದ ಕರಪತ್ರ.

ರಿಪೇರಿ ಎದುರಿನ ದಿನಸಿ ಅಂಗಡಿಯಿಂದ ನಾಲ್ಕು ಟ್ರೇ ತಂದು, ಹಾಡುತ್ತಿದ್ದ ರೇಡಿಯೋದ ಸುತ್ತ ಗೂಡಿನಂತೆ ನಿಲ್ಲಿಸಿದಳು. ಹಾಡು ಕೊಂಚ ಮಂಕಾಯಿತೇ ವಿನಾ ಒಂದು ಪದವೂ ತಪ್ಪಲಿಲ್ಲ. "ಕೋಣೆಯೊಳಗೆ ಮಾರ್ದನಿ ಒಂಚೂರು ತಗ್ಗಬಹುದು ಅಷ್ಟೆ. ಮಗ್ಗದ ಸದ್ದಿಗೆ ಇದು ಬರೀ ಕಾಗದ. ಈ ಟ್ರೇ ಕಿವಿಗೆ ಕಟ್ಕೊಂಡು ರಸ್ತೆಲಿ ನಿಂತ್ಕೋ, ಬಸ್ಸಿನ ಹಾರ್ನು ಕೇಳುತ್ತೋ ಇಲ್ವೋ ಹೇಳು."

ಕರಪತ್ರ ನಿಜಕ್ಕೂ ಹೊರಗೆ ಹೋಗಿ ನಿಂತ. ಬಸ್ಸು ಬಂತು. ಅವನು ನೆಗೆದು ವಾಪಸ್ ಬಂದ.

ನಗು ನಿಂತ ಮೇಲೂ ಪ್ರಶ್ನೆ ಹಾಗೇ ಉಳಿಯಿತು. ರಿಪೇರಿ ಕಾರ್ಖಾನೆಯ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ತೆರೆದಳು. ಪರದೆಯ ಮೇಲೆ ಸದ್ದಿನ ಗುಡ್ಡಗಳು ಅಂಚಿನವರೆಗೂ ಎದ್ದಿದ್ದವು. "ಸಿಕ್ಕಿಬಿದ್ರು! ಇಷ್ಟೆತ್ತರ ಇದೆ ಅಂದ್ರೆ ಇಷ್ಟು ಜೋರು ಇತ್ತು ಅಂತಲೇ ಅರ್ಥ!" ಎಂದು ಕೂಗಿದಳು. ಗೆದ್ದೆವೆಂದು ಕರಪತ್ರ ಟೀ ಹೇಳಲು ಎದ್ದ. ಅಷ್ಟರಲ್ಲಿ ಅವಳಿಗೇ ಅನುಮಾನ ಬಂದು, ತಾನು ಬಾಯೊಳಗೆ ಗುನುಗಿದ್ದೊಂದನ್ನು ಮೈಕಿನ ಮಟ್ಟ ಏರಿಸಿಟ್ಟು ರೆಕಾರ್ಡ್ ಮಾಡಿ ತೆರೆದು ನೋಡಿದಳು. ಗುಡ್ಡಗಳು ಅಷ್ಟೇ ಎತ್ತರ. ಗುನುಗಿಗೂ ಗುಡುಗಿಗೂ ಪರದೆಯ ಮೇಲೆ ಒಂದೇ ಚಿತ್ರ.

ಇಪ್ಪತ್ತು ವರ್ಷ ಈ ಕಸುಬು ಮಾಡಿದವಳಿಗೆ ಅಂದು ತಲೆ ಕೆಟ್ಟಿತು. ರೆಕಾರ್ಡಿಂಗಿನಲ್ಲಿ ಹೆಂಗಸಿನ ದನಿ ಯಾವುದು, ಗಂಡಸಿನದು ಯಾವುದು ತಿಳಿಯುತ್ತದೆ. ಲಾಳಿ ಎಡಕ್ಕೆ ಹೋಯಿತೋ ಬಲಕ್ಕೋ, ಅದೂ ತಿಳಿಯುತ್ತದೆ. ಒಂದು ಮಾತ್ರ ಅದರೊಳಗೆ ಇಲ್ಲವೇ ಇಲ್ಲ: ಅಲ್ಲಿ ನಿಂತವರ ಕಿವಿಗೆ ಅದು ಎಷ್ಟು ಜೋರಾಗಿತ್ತು ಎಂಬುದು. ಅದನ್ನು ತೀರ್ಮಾನಿಸುವವರು ಆಮೇಲೆ ವಾಲ್ಯೂಮಿನ ಗುಂಡಿ ಹಿಡಿದವರು. ಹಾಗಿದ್ದರೆ ಸರಿಯಾದ ಜಾಗದಲ್ಲಿ ಗುಂಡಿ ನಿಲ್ಲಿಸುವುದು ಹೇಗೆ? ಶೆಡ್ಡಿನಲ್ಲಿಯೂ ಇದ್ದ, ವಿಚಾರಣೆಯ ಕೋಣೆಗೂ ತರಬಹುದಾದ ಒಂದೇ ಒಂದು ಸದ್ದು ಬೇಕಿತ್ತು.

ಅವಳು ರೆಕಾರ್ಡಿಂಗನ್ನು ಮತ್ತೆ ಮೊದಲಿನಿಂದ ಹಾಕಿದಳು. ಮಗ್ಗಗಳು ಶುರುವಾಗುವ ಮುಂಚೆ, ನಿಶ್ಶಬ್ದದೊಳಗೆ, ಒಂದು ಉದ್ದನೆಯ ಚೂಪು ಸದ್ದು ಇತ್ತು. ಊಟ ತಂದಿದ್ದ ಚಿಕ್ಕಮ್ಮ ಬೆಂಚಿನ ಮೇಲೆ ಕೂತಿದ್ದಳು.

"ಚಿಕ್ಕಮ್ಮಾ, ಇದೇನಿದು ಶುರುವಿನಲ್ಲಿ?"

"ಯಾವುದು?"

ರಿಪೇರಿ ಮತ್ತೆ ಹಾಕಿದಳು. ಚಿಕ್ಕಮ್ಮ ಸ್ಪೀಕರಿಗೆ ಕಿವಿ ಹಚ್ಚಿ, ಇಲ್ಲವೆಂದು ತಲೆ ಆಡಿಸಿದಳು. ರಿಪೇರಿ ಎರಡು ಬೆರಳು ಬಾಯಿಗಿಟ್ಟು ಊದುವ ಹಾಗೆ ಮಾಡಿ ತೋರಿಸಿದಳು.

"ಓ, ಮೇಸ್ತ್ರಿ ಸೀಟಿ! ಅದನ್ನ ಊದಿದ್ರೇನೇ ಪಾಳಿ ಶುರು. ನಂಗೆ ಅದು ಕೇಳಿ ಏಳೆಂಟು ವರ್ಷ ಆಯ್ತು ಪುಟ್ಟಿ. ಅವನ ಕೆನ್ನೆ ಉಬ್ಬೋದು ನೋಡ್ಕೊಂಡು ಮಗ್ಗ ಹಚ್ತೀನಿ."

ಕರಪತ್ರನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಚಿಕ್ಕಮ್ಮ ಮಾತ್ರ ಅದೇನು ದೊಡ್ಡ ವಿಷಯ ಎಂಬಂತೆ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದಳು.

ಮುಂದಿನ ವಿಚಾರಣೆಗೆ ರಿಪೇರಿ ಎದೆಯೆತ್ತರದ ಎರಡು ಸ್ಪೀಕರುಗಳನ್ನೂ ಒಂದು ಆಂಪ್ಲಿಫೈಯರನ್ನೂ ತಳ್ಳುಗಾಡಿಯಲ್ಲಿ ತಂದಳು. ಬಾಗಿಲಲ್ಲಿ ವಕೀಲರು ಅಡ್ಡ ನಿಂತರು. "ಇಲ್ಲೇನು ಸಂಗೀತ ಕಛೇರಿ ಇದೆಯೇನಮ್ಮಾ?"

"ನಿಮ್ಮದೇ ರೆಕಾರ್ಡಿಂಗು ಸರ್. ಹೋದ ವಾರ ಪೂರ್ತಿ ಕೇಳಿಸ್ಲಿಲ್ಲ, ಅದಕ್ಕೆ."

ವಿಚಾರಣಾಧಿಕಾರಿ ಒಳಗೆ ಬಿಡಲು ಹೇಳಿದರು. ರಿಪೇರಿ ತಜ್ಞರ ಕಡೆ ತಿರುಗಿದಳು. "ಸರ್, ನಿಮ್ಮ ಮೈಕಿನ ಬಗ್ಗೆ ನನಗೆ ತಕರಾರಿಲ್ಲ, ಒಳ್ಳೇ ಮೈಕು. ಒಂದೇ ಪ್ರಶ್ನೆ. ಹೋದ ಸಲ ಇಲ್ಲಿ ವಾಲ್ಯೂಮು ಎಷ್ಟಿಟ್ರಿ? ವರದಿಯಲ್ಲಿ ಬರೆದಿಲ್ಲ."

"ಅದು... ಕೇಳೋಕೆ ಹಿತವಾಗಿರೋ ಹಾಗೆ ಇಟ್ಟೆ."

"ಯಾರಿಗೆ ಹಿತವಾಗಿರೋ ಹಾಗೆ?" ಎಂದ ಕರಪತ್ರ ಹಿಂದಿನಿಂದ. ಅಧಿಕಾರಿ ಅವನನ್ನು ಕಣ್ಣಲ್ಲೇ ಕೂರಿಸಿದರು. ಆದರೆ ಅವರ ಹುಬ್ಬು ಗಂಟಿಕ್ಕಿತ್ತು. "ಅಂದರೆ ನಾನು ಹೋದ ವಾರ ಕೇಳಿದ್ದು ಶೆಡ್ಡಿನಷ್ಟು ಜೋರಾಗಿ ಇರಲಿಲ್ಲವೇ?"

ತಜ್ಞರು ಕನ್ನಡಕ ತೆಗೆದು ಒರೆಸಿದರು. "ರೆಕಾರ್ಡಿಂಗ್ ಸರಿಯಾಗಿದೆ ಮೇಡಂ. ನಡುವೆ ಏನನ್ನೂ ಏರಿಸಿಲ್ಲ, ಇಳಿಸಿಲ್ಲ. ಆದರೆ ಎಷ್ಟು ಜೋರು ಅನ್ನೋದು... ಅದು ರೆಕಾರ್ಡಿಂಗ್‌ನಿಂದ ತಿಳಿಯೋದಿಲ್ಲ." ಅವರನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಹಣ ಕೊಟ್ಟವರು ಕೇಳದ ಪ್ರಶ್ನೆಗೆ ಉತ್ತರ ಕೊಡದಿರುವುದೂ ಒಂದು ಪರಿಣತಿ.

"ತಿಳಿಯೋ ಹಾಗೆ ಮಾಡಬಹುದು ಮೇಡಂ," ಎಂದಳು ರಿಪೇರಿ. "ಶುರುವಿನಲ್ಲಿ ಮೇಸ್ತ್ರಿಯವರ ಸೀಟಿ ಇದೆ. ಮೈಕು ಅವರಿಂದ ಎರಡು ಮೀಟರು ದೂರ ಇತ್ತು ಅಂತ ವರದಿಯಲ್ಲೇ ಇದೆ. ಅದೇ ಸೀಟಿ ಈಗ ಅವರ ಕೊರಳಲ್ಲಿದೆ. ಸ್ಪೀಕರ್ ಪಕ್ಕ ನಿಂತು ಅಷ್ಟೇ ಜೋರಾಗಿ ಊದ್ಲಿ. ನೀವು ಎರಡು ಮೀಟರು ದೂರದಲ್ಲಿ ಕೂತು, ಸ್ಪೀಕರಿನ ಸೀಟಿಯೂ ಬಾಯಿಯ ಸೀಟಿಯೂ ಒಂದೇ ಸಮ ಆಗೋವರೆಗೆ ಈ ಗುಂಡಿ ತಿರುಗಿಸಿ. ನಾನು ಮುಟ್ಟೋದಿಲ್ಲ. ಗುಂಡಿ ನಿಮ್ಮ ಕೈಯಲ್ಲೇ ಇರಲಿ."

ವಕೀಲರು ಆಕ್ಷೇಪಿಸಿದರು. ಅಧಿಕಾರಿ ಆಗಲೇ ಕುರ್ಚಿ ಎಳೆದುಕೊಂಡಿದ್ದರು. ಮೊದಲ ಬಾರಿ ಆಟಿಕೆ ಕೈಗೆ ಸಿಕ್ಕ ಮಗುವಿನ ಕುತೂಹಲ ಅವರ ಮುಖದಲ್ಲಿತ್ತು.

ಮೇಸ್ತ್ರಿ ಮೆಲ್ಲಗೆ ಊದಿದ.

"ಪಾಳಿ ಶುರು ಆಗೋದು ಹೀಗೇನಾ?" ಎಂದರು ಅಧಿಕಾರಿ. "ಶೆಡ್ಡಿನಲ್ಲಿ ಊದಿದ ಹಾಗೆ ಊದಿ."

ಅವನ ಕೆನ್ನೆ ಉಬ್ಬಿತು. ಕೋಣೆಯಲ್ಲಿದ್ದವರೆಲ್ಲ ಬೆಚ್ಚಿದರು, ಚಿಕ್ಕಮ್ಮನೊಬ್ಬಳನ್ನು ಬಿಟ್ಟು. ಸ್ಪೀಕರಿನ ಸೀಟಿ ಮೊದಲು ಗುಬ್ಬಿಮರಿಯ ಹಾಗೆ ಚಿವ್ ಎಂದಿತು. ಅಧಿಕಾರಿ ಗುಂಡಿ ತಿರುಗಿಸಿದರು. ಬಾಯಿಯ ಸೀಟಿ, ಸ್ಪೀಕರಿನ ಸೀಟಿ, ಮತ್ತೆ ಬಾಯಿಯದು. ಇನ್ನೂ ತಿರುಗಿಸಿದರು, ಇನ್ನೂ. ಆರನೆಯ ಸಲಕ್ಕೆ ಎರಡೂ ಒಂದೇ ಸಮವಾದವು. ತಜ್ಞರೂ ಹೌದೆಂದು ತಲೆಯಾಡಿಸಿದರು.

"ಇನ್ನು ಮುಂದಿನದು ಬರಲಿ," ಎಂದರು ಅಧಿಕಾರಿ.

ಸೀಟಿಯ ಹಿಂದೆ ಮೊದಲ ಮಗ್ಗ ಶುರುವಾಯಿತು. ಮೇಜಿನ ಮೇಲಿನ ಲೋಟದ ನೀರು ನಡುಗಿತು. ಎರಡನೆಯದು, ಮೂರನೆಯದು. ಹತ್ತನೆಯ ಮಗ್ಗಕ್ಕೆ ಕಿಟಕಿಯ ಗಾಜು ಗಡಗಡ ಎನ್ನತೊಡಗಿತು. ನಲವತ್ತೂ ಶುರುವಾದಾಗ ಅದು ಸದ್ದೆಂದು ಅನ್ನಿಸಲೇ ಇಲ್ಲ. ಯಾರೋ ಎದೆಯ ಮೇಲೆ ಕೈಯಿಟ್ಟು ಗೋಡೆಗೆ ಒತ್ತಿ ಹಿಡಿದ ಹಾಗಿತ್ತು. ವಕೀಲರು ಎರಡೂ ಕಿವಿ ಮುಚ್ಚಿಕೊಂಡರು. ಅಧಿಕಾರಿ ಮೂರು ಹೆಜ್ಜೆ ಆಚೆ ಕೂತಿದ್ದ ಬೆರಳಚ್ಚುಗಾರನಿಗೆ, "ಇದನ್ನು ಬರೆದುಕೊಳ್ಳಿ!" ಎಂದರು. ಅವನು ಕಣ್ಣು ಮುಚ್ಚಿ ಕೂತಿದ್ದ. ಮತ್ತೆ ಕೂಗಿದರು. ಮತ್ತೂ ಕೂಗಿದರು, ಕೊರಳ ನರ ಉಬ್ಬಿತು. ಅವರ ಬಾಯಿ ತೆರೆದು ಮುಚ್ಚಿದ್ದು ಎಲ್ಲರಿಗೂ ಕಂಡಿತು, ಮಾತು ಯಾರಿಗೂ ಕೇಳಲಿಲ್ಲ. ಕರಪತ್ರ ಎದ್ದು ನಿಂತು ಮೂರು ಬೆರಳು ಎತ್ತಿ ತೋರಿಸಿದ.

ಅಧಿಕಾರಿ ಆ ಬೆರಳುಗಳನ್ನು ನೋಡಿದರು. ಗುಂಡಿ ತಿರುಗಿಸಿ ನಿಲ್ಲಿಸಿದರು.

ಕೋಣೆ ಗುಂಯ್ ಎನ್ನುತ್ತಿತ್ತು. ಅಷ್ಟು ಹೊತ್ತೂ ಕೈಗಳನ್ನು ಮಡಿಲಲ್ಲಿಟ್ಟು, ಪಾದಗಳನ್ನು ನೆಲಕ್ಕೂರಿ ಕೂತಿದ್ದ ಚಿಕ್ಕಮ್ಮ, ಕಿವಿ ಕೇಳದವರ ಗಟ್ಟಿ ದನಿಯಲ್ಲಿ ಮೇಸ್ತ್ರಿಯನ್ನು ಕೇಳಿದಳು: "ಏಳನೇ ಮಗ್ಗದ ಬೆಲ್ಟು ಸಡಿಲ ಇದೆಯಲ್ಲಪ್ಪ, ದಡ್ ದಡ್ ಅಂತಿದೆ. ಯಾರೂ ನೋಡ್ಲಿಲ್ವಾ?"

"ಮೊನ್ನೆ ಬಿಗಿ ಮಾಡಿಸಿದ್ವಿ," ಎಂದುಬಿಟ್ಟ ಮೇಸ್ತ್ರಿ. ಹೇಳಿದ ಮೇಲೆ ವಕೀಲರ ಮುಖ ನೋಡಿದ.

ಸೀಟಿಯೂ ಮಾತಿನ ಚೂಪು ಅಕ್ಷರಗಳೂ ಅವಳ ಕಿವಿ ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು. ಮಗ್ಗದ ದಪ್ಪ ಬಡಿತ ಮಾತ್ರ ಉಳಿದಿತ್ತು, ಕಿವಿಯಲ್ಲಿ ಅರ್ಧ, ಅಂಗಾಲಲ್ಲಿ ಅರ್ಧ. ನಾಲಾಯಕ್ಕು ಎಂದವರು ನಲವತ್ತು ಮಗ್ಗಗಳಲ್ಲಿ ಏಳನೆಯದನ್ನು ಬೇರೆ ಮಾಡಿ ತೋರಿಸಲಿ ನೋಡೋಣ.

ಅಧಿಕಾರಿ ನೀರು ಕುಡಿದು ನಿಧಾನವಾಗಿ ಹೇಳಿ ಬರೆಸಿದರು. ಆರೋಪ ನಿಲ್ಲುವುದಿಲ್ಲ. ಸೋಮವಾರದಿಂದ ಕೆಲಸಕ್ಕೆ ಮರಳಬಹುದು. ಶೆಡ್ಡಿನ ಎಲ್ಲರ ಕಿವಿ ಪರೀಕ್ಷೆಯಾಗಬೇಕು, ಶಬ್ದದ ಅಳತೆ ಸರಿಯಾದ ಮಾಪಕದಿಂದ ಆಗಬೇಕು. ಕಾರ್ಖಾನೆಯ ವಕೀಲರು ಮೊಟ್ಟೆ ಟ್ರೇಗಳ ವಿಷಯ ಎತ್ತಲು ಹೋಗಿ, ಯಾಕೋ ಕೂತರು.

"ಏನಂದ್ರೇ?" ಎಂದಳು ಚಿಕ್ಕಮ್ಮ.

"ಸೋಮವಾರ ಕೆಲಸಕ್ಕೆ ಬನ್ನಿ ಅಂದ್ರು!" ರಿಪೇರಿ ಅವಳ ಕಿವಿಯಲ್ಲಿ ಕೂಗಿದಳು.

"ಕಿರುಚ್ಬೇಡ್ವೇ, ಪಕ್ಕದಲ್ಲೇ ಇದೀನಿ." ಅವಳು ಎದ್ದು ಸೆರಗು ಸರಿಮಾಡಿಕೊಂಡು ಅಧಿಕಾರಿಯ ಮೇಜಿನ ಹತ್ತಿರ ಹೋದಳು. "ಬರ್ತೀನಿ ತಾಯಿ. ಆದ್ರೆ ಕಿವಿಗೆ ಹಾಕೋದು ಶೆಡ್ಡಿನ ಎಲ್ರಿಗೂ ಕೊಡೋವರೆಗೆ ನಾನು ಮಗ್ಗ ಹಚ್ಚಲ್ಲ. ಮಗ್ಗದ ಮುಂದೆ ಸುಮ್ನೆ ನಿಂತಿರ್ತೀನಿ. ಹೊಸ ಹುಡುಗೀರು ಬಂದಿದಾರೆ, ಅವರಿಗಿನ್ನೂ ಎಲ್ಲಾ ಕೇಳುತ್ತೆ. ಬೇಕಾದ್ರೆ ಇದನ್ನ ಅವಿಧೇಯತೆ ಅಂತ ಬರ್ಕೊಳ್ಳಿ, ರುಜು ಹಾಕ್ತೀನಿ."

ಬೆರಳಚ್ಚುಗಾರ ಅಧಿಕಾರಿಯ ಮುಖ ನೋಡಿದ. ಅವರು ಬೇಡವೆನ್ನಲಿಲ್ಲ. ಅವನು ಹೊಸ ಹಾಳೆ ಹಾಕಿದ.