ಹುಣಸೆಹಣ್ಣಲ್ಲಿ ತಿಕ್ಕಿದ ಫಲಕ

ಮಿರ್ಚಿಯ ಎಣ್ಣೆ ಇಳಿಯುತ್ತಿದೆ, ಪೇಪರು ಹೀರಿ ಮಿಕ್ಕಿದ್ದು ಎಂಜಿನ್ನಿನ ಮೆಟ್ಟಿಲ ಮೇಲೆ, ನೂರು ವರ್ಷ ಉಗಿ ಕುಡಿದ ಕಬ್ಬಿಣ ಈಗ ಗಿರಣಿಯ ಮ್ಯಾನೇಜರ್ ಮಹಾಂತೇಶನ ಮಂಡಕ್ಕಿ ಪೊಟ್ಟಣಕ್ಕೆ ಟೇಬಲ್ಲು — ತಗೊಳ್ರಿ ಸರ್, ಬಿಸಿ ಐತೆ ಅನ್ನುತ್ತಾನೆ, ಇವನಿಗೆ ಎಂಜಿನ್ನೂ ಒಂದೇ ಎಮ್ಮೆಯ ಗೋದಲಿಯೂ ಒಂದೇ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಇದನ್ನು ನೋಡಲು ನಾನು ದಾವಣಗೆರೆಯಿಂದ ಕಿಕ್ಕಿರಿದ ಬಸ್ಸಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ಹರಿಹರಕ್ಕೆ ಬಂದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೊರಡುವಾಗ ಹೆಂಡತಿ ದ್ರಾಕ್ಷಾಯಣಮ್ಮ ಬಾಗಿಲಲ್ಲಿ ನಿಂತು ಊರಿಗೆಲ್ಲ ಎಂಜಿನ್ ಯಾವುದು ಅಂತ ಹೇಳ್ತೀರಿ, ಮನ್ಯಾಗೆ ಗ್ಯಾಸ್ ಹಚ್ಚಾಕೆ ಬರಂಗಿಲ್ಲ ಅಂದಳು, ನಲವತ್ತು ವರ್ಷದಿಂದ ಅದೇ ಮಾತು. ಅನ್ನಲಿ. ಮೂವತ್ತಾರು ವರ್ಷ ರೈಲ್ವೆಯಲ್ಲಿ ಎಂಜಿನ್ ಇನ್‌ಸ್ಪೆಕ್ಟರ್ ಆಗಿದ್ದವನು ನಾನು, ಈ ಜಿಲ್ಲೆಯಲ್ಲಿ ಒಂದು ಹಳೆಯ ಎಂಜಿನ್ನಿನ ಗುರುತು ಹೇಳಬೇಕಾದರೆ ಮಾಲತೇಶಪ್ಪನನ್ನೇ ಕರೆಸಬೇಕು, ಬೇರೆ ಗತಿಯಿಲ್ಲ, ಕರೆಸಿದ್ದಾರೆ.

ಸ್ಟೇಷನ್ನಿನಿಂದ ಹೊಳೆಯ ದಂಡೆಯ ಈ ಗಿರಣಿಯವರೆಗೆ ಎರಡೇ ಮೈಲಿ ಹಳಿ, ದೊಡ್ಡ ಲೈನಿಗೆಲ್ಲ ಬ್ರಾಡ್‌ಗೇಜ್ ಬಂದ ಮೇಲೆ ಈ ಮೀಟರ್‌ಗೇಜಿನ ತುಂಡು ಯಾವುದಕ್ಕೂ ಸೇರದೆ ಉಳಿಯಿತು, ಮೇಲೆ ಈಗ ಜಾಲಿ, ಮೇಕೆ, ಯಾರದೋ ಒಣಗಲು ಹಾಕಿದ ಸೀರೆ. ಈ ಹಳಿಯ ಮೇಲೆ ಸಾಮಾನು ಎಳೆಯಲು ಗಿರಣಿಯಲ್ಲಿ ಎರಡು ಎಂಜಿನ್ನು ಇದ್ದವು, ಹೊರಗಿನಿಂದ ಅವಳಿ ಮಕ್ಕಳು, ಒಂದೇ ಕಂಪನಿ, ಒಂದೇ ನಕ್ಷೆ, ಆದರೆ ಆರುನೂರ ನಾಲ್ಕು ನಂಬರಿನದು ಮೊದಲು ಕಟ್ಟಿದ್ದು, ಅಂಥದ್ದು ಇನ್ನೊಂದು ಎಲ್ಲೂ ಉಳಿದಿಲ್ಲ, ಸಾವಿರದ ಮುನ್ನೂರ ಎಂಬತ್ತು ಅನ್ನುವುದು ಮೂವತ್ತು ವರ್ಷ ಆದಮೇಲೆ ಬಂದ ನಕಲು, ಅದರ ಸೋದರರು ಊರೂರಿಗೆ ಇದ್ದಾರೆ. ನಾಲ್ಕು ವರ್ಷದ ಹಿಂದೆ ನಕಲನ್ನು ಗುಜರಿಗೆ ಹಾಕಲು ನಾನೇ ಸಹಿ ಹಾಕಿದೆ, ನನ್ನ ನೌಕರಿಯ ಕೊನೆಯ ಸಹಿ, ಗುಜರಿ ಅಂಗಡಿಯ ಗೌಸ್ ಪೀರ್ ಮೂರು ದಿನದಲ್ಲಿ ಗ್ಯಾಸ್ ಕಟರಿನಿಂದ ಕೊಯ್ದು ಲಾರಿಗೆ ತುಂಬಿದ. ಇವತ್ತೂ ಬಂದಿದ್ದಾನೆ, ಬೇವಿನ ನೆರಳಲ್ಲಿ ಬೈಕಿಗೆ ಒರಗಿ, ಹೆಣ ಹೊರುವವನ ಹಾಗೆ ಕೈಕಟ್ಟಿಕೊಂಡು — ಇದು ನಮ್ ಪಾಲಿಗೆ ಬರೋದಾದ್ರೆ ಹೇಳ್ರಿ ಸಾಬ್, ಅರ್ಜಂಟಿಲ್ಲ. ಬರುವುದಿಲ್ಲ ಕಣಯ್ಯಾ, ಇದು ಆರುನೂರ ನಾಲ್ಕು, ಮ್ಯೂಸಿಯಮ್ಮಿಗೆ ಹೋಗುತ್ತದೆ. ಮ್ಯೂಸಿಯಮ್ಮಿನವನು ಅಂದರೆ ಈ ಪ್ರಶಾಂತ, ಮೂವತ್ತು ದಾಟಿಲ್ಲ, ಕೊರಳಲ್ಲಿ ಕ್ಯಾಮೆರಾ, ಕಂಕುಳಲ್ಲಿ ಪುಸ್ತಕ, ಹಿತ್ತಾಳೆ ಫಲಕದ ಫೋಟೋ ಹತ್ತು ಸಲ ತೆಗೆದ, ಫಲಕದಲ್ಲಿ ಆರುನೂರ ನಾಲ್ಕು ಅಂತಿದೆ ಸರ್, ನೀವೊಂದು ಸಹಿ ಹಾಕಿಬಿಟ್ರೆ ಮುಗೀತು. ಮುಗೀತಂತೆ. ಫಲಕ ಓದಲು ಇವನಿಗೆ ಡಿಗ್ರಿ ಬೇಕಾಯಿತು, ಅಂಗಡಿ ಬೋರ್ಡು ಓದಿ ಊರು ಕಂಡೆ ಅನ್ನುವವರು ಇವರೆಲ್ಲ. ಫಲಕವನ್ನು ಯಾರು ಬೇಕಾದರೂ ಬಿಚ್ಚಬಹುದು ಕಣಪ್ಪಾ ಪ್ರಶಾಂತ, ತಿಳಿದವನು ನೋಡುವುದು ಚಕ್ರ ಜೋಡಿಸುವ ರಾಡನ್ನು, ಅದರ ಮೈಮೇಲೆ ಕಾರ್ಖಾನೆಯವರೇ ಉಳಿಯಿಂದ ನಂಬರು ಹೊಡೆದಿರುತ್ತಾರೆ, ಬಾ ತೋರಿಸುತ್ತೇನೆ, ಪೆನ್ನು ತೆಗೆದಿಟ್ಟುಕೋ. ಎಂಥ ಮುಖ ಮಾಡಿದ, ನನಗೆ ಖುಷಿಯಾಯಿತು, ಸುಳ್ಳೇಕೆ.

ಸಣ್ಣಬೀರಪ್ಪನನ್ನು ಕರೆದೆ, ಗಿರಣಿಯ ಹಳೆಯ ಫಿಟ್ಟರು, ಈಗ ವಾಚ್‌ಮನ್ನು, ಎಂಜಿನ್ನಿಗೆ ದಿನಾ ವಿಭೂತಿ ಬಳಿಯುವ ಆಸಾಮಿ, ರಾಡಿನ ಗ್ರೀಸು ಕೆರೆದು ಒರೆಸು ಅಂದೆ. ಬ್ಯಾಡ್ರಿ ಸಾಹೇಬ್ರೆ, ಬಿಳಿ ಅಂಗಿ ಹಾಕ್ಕೊಂಡು ಬಂದೀರಿ, ಕೊಳೆ ಆಗ್ತೈತೆ, ಫಲಕ ಐತಲ್ರಿ ಅಂದ. ನೋಡು, ಇವನೂ ಹೇಳುವವನಾದ. ಹೇಳಿದಷ್ಟು ಮಾಡು ಅಂದೆ. ಕುಕ್ಕರಗಾಲಲ್ಲಿ ಕೂತ, ಕಾಟನ್ ವೇಸ್ಟಿನಿಂದ ಒರೆಸಿದ, ಸೀಳಿದ ಉಗುರಿನ ಕಪ್ಪು ಹೆಬ್ಬೆರಳನ್ನು ರಾಡಿನ ಮೇಲೆ ಇಟ್ಟು ನಿಧಾನವಾಗಿ ಸರಿಸಿದ — ಈ ಹೆಬ್ಬೆರಳು, ಇದನ್ನು ನಾನು ನೋಡಿದ್ದೇನೆ. ಆಯುಧಪೂಜೆಯ ಮಾರನೆಯ ದಿನ, ಎಂಬತ್ತಮೂರನೇ ಇಸವಿ, ವರ್ಷದ ತಪಾಸಣೆಗೆ ಬಂದಿದ್ದೆ, ಶೆಡ್ಡಿನ ತುಂಬ ಒಡೆದ ಬೂದುಗುಂಬಳ, ಕುಂಕುಮ, ಎರಡು ಎಂಜಿನ್ನಿಗೂ ಬಾಳೆಕಂದು, ಎರಡರ ಫಲಕವನ್ನೂ ಬಿಚ್ಚಿ ಒಂದೇ ಬಕೀಟಿನಲ್ಲಿ ಹಾಕಿ ಹುಣಸೆಹಣ್ಣಲ್ಲಿ ತಿಕ್ಕಿ ಬಂಗಾರ ಮಾಡಿ ತಿರುಪು ಹಾಕಿದ್ದರು, ನಾನು ಹತ್ತು ಅಡಿ ದೂರ ನಿಂತು, ಅಂಗಿಗೆ ಮಸಿ ತಾಗದ ಹಾಗೆ, ಫಲಕ ಓದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಆಗ ಇವನು ಬಂದ. ಸಾಹೇಬ್ರೆ, ಪೂಜೆ ಗಡಿಬಿಡಿಯಾಗೆ ಫಲಕ ಅದಲು ಬದಲಾಗ್ಯಾವು ಅನಿಸ್ತೈತೆ, ಇದರ ಫಲಕದಾಗೆ ಮೂರು ಅಂಕಿ ಐತ್ರಿ, ರಾಡಿನಾಗೆ ನಾಕು ಐತ್ರಿ, ಅಂತ ರಾಡಿನ ಮೇಲೆ ಹೆಬ್ಬೆರಳಿಟ್ಟು ಎಣಿಸಿ ತೋರಿಸಿದ. ನಾನೇನು ಅಂದೆ. ರಾಡು ರಿಪೇರಿಯಲ್ಲಿ ಬದಲಾಗಿರುತ್ತದೆ, ಅಕ್ಷರ ಬರದ ನೀನು ನನಗೆ ನಂಬರು ಹೇಳ್ತೀಯೇನಲೇ ಅಂದೆ, ಹತ್ತು ಜನರ ಮುಂದೆ, ಎಲ್ಲರೂ ನಕ್ಕರು, ನಾನೇ ಜೋರಾಗಿ ನಕ್ಕೆ. ಚೌಕಟ್ಟಿನ ಮೇಲೂ ನಾಕೇ ಐತ್ರಿ ಅಂದನೇ? ಅಂದ. ಅಂದಾಗ ನಾನು ಜೀಪಿನ ಕಡೆಗೆ ನಡೆದಾಗಿತ್ತು, ಬಗ್ಗಿ ನೋಡಬೇಕಿತ್ತು, ಬಗ್ಗಿದರೆ ಅಂಗಿ.

ಈಗ ಬಗ್ಗಿದ್ದೇನೆ, ಸೊಂಟ ಹಿಡಿಯುತ್ತಿದೆ, ರಾಡಿನಲ್ಲಿ ಸಾವಿರದ ಮುನ್ನೂರ ಎಂಬತ್ತು, ಕೈ ಹಾಕಿ ಚೌಕಟ್ಟನ್ನೂ ನಾನೇ ಕೆರೆದೆ, ರಾಡು ಬದಲಾದರೂ ಚೌಕಟ್ಟು ಬದಲಾಗುವುದಿಲ್ಲ, ಅಲ್ಲೂ ಅದೇ. ಹಾಗಾದರೆ ಗೌಸ್ ಪೀರ್ ಕೊಯ್ದದ್ದು — ಮೂರು ದಿನ ಕೊಯ್ದ, ಕಿಡಿ ಹಾರುತ್ತಿತ್ತು, ನಾನು ಕೊಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಟೀ ಕುಡಿಯುತ್ತ ಕೂತಿದ್ದೆ, ಹಾಳಾದ್ದು ಹೋಗಲಿ, ನಕಲು ಅಂದೆ, ಜಗತ್ತಿನಲ್ಲಿ ಒಂದೇ ಇದ್ದದ್ದನ್ನು ನಕಲು ಅಂದೆ. ಸಣ್ಣಬೀರಪ್ಪ ಆಗಲೂ ಅಲ್ಲೇ ನಿಂತಿದ್ದ, ಬಾಯಿ ಬಿಡಲಿಲ್ಲ, ಯಾಕೆ ಬಿಡುತ್ತಾನೆ, ಒಂದು ಸಲ ಬಿಟ್ಟು ನೋಡಿದ್ದನಲ್ಲ. ಏನ್ ಸರ್ ನಂಬರು, ಬೆಳಕಿಲ್ಲ, ನನಗೆ ಕಾಣ್ತಿಲ್ಲ ಅನ್ನುತ್ತಾನೆ ಪ್ರಶಾಂತ ಬೆನ್ನ ಹಿಂದಿನಿಂದ, ಪೆನ್ನು ತೆರೆದಿದೆ. ನಿಜ ಹೇಳಿದರೆ ಇದು ಬೇವಿನ ನೆರಳಿನವನ ಪಾಲು, ಮಾಲತೇಶಪ್ಪನ ಹೆಸರು ಮಂಡಕ್ಕಿ ಕಟ್ಟುವ ಪೇಪರಿಗೆ. ಹೇಳದಿದ್ದರೆ ನಕಲು ಗಾಜಿನ ಹಿಂದೆ ಹೋಗಿ ಆರುನೂರ ನಾಲ್ಕಾಗುತ್ತದೆ, ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ. ನಾಚಿಕೆಯಾಗುತ್ತಿದೆ, ಈ ಮಹಾಂತೇಶನ ಮುಂದೆ, ಈ ಹುಡುಗನ ಮುಂದೆ ಅಲ್ಲ, ಕುಕ್ಕರಗಾಲಲ್ಲಿ ಕೂತವನ ಮುಂದೆ. ಆರುನೂರ ನಾಲ್ಕು, ಬರೆದುಕೊಳ್ಳಪ್ಪಾ, ಫಲಕ ಸರಿಯಾಗಿದೆ — ನನ್ನದೇ ದನಿ, ಹಿತ್ತಾಳೆಯಷ್ಟೇ ಹೊಳಪು. ಸಣ್ಣಬೀರಪ್ಪ ತಲೆ ಎತ್ತಲಿಲ್ಲ. ನೀವು ಹೇಳಿದ್ರೆ ಸರಿ ಬಿಡ್ರಿ ಅಂದ, ಡಬ್ಬಿಯಿಂದ ಗ್ರೀಸು ತೆಗೆದ, ಪ್ರಶಾಂತ ಈ ಕಡೆ ಬರುವುದರೊಳಗೆ ನಂಬರಿನ ಮೇಲೆ ಬಳಿಯುತ್ತಿದ್ದಾನೆ, ನನ್ನ ಮಾನ ಮುಚ್ಚುತ್ತಿದ್ದಾನೆ, ಸೀಳಿದ ಉಗುರಿನ ಹೆಬ್ಬೆರಳು, ಅಂಕಿ ಅಂಕಿಗೂ ನಿಂತು, ಒಂದು, ಎರಡು, ಮೂರು, ನಾಲ್ಕು, ಮತ್ತೆ ಹೆಬ್ಬೆರಳು, ಒಂದು, ಎರಡು, ಮೂರು, ನಾಲ್ಕು