ಊರೆಲ್ಲ ಅದೇ ಮಾತು

ಅಪ್ಪನ ತಣ್ಣಗಾದ ಕೆನ್ನೆಗೆ ನೊರೆ ಹಚ್ಚಿ ಮಗಳು ಕತ್ತಿ ಇಟ್ಟಳು. ಜೀವಮಾನವಿಡೀ ಬೀದಿಯ ಗಂಡಸರ ಗಡ್ಡ ಹೆರೆದವನು ಕುರುಚಲು ಗಡ್ಡದಲ್ಲಿ ಹೋಗುವುದು ಅವಳಿಗೆ ಸರಿ ಕಾಣಲಿಲ್ಲ. ಕ್ಷೌರದಂಗಡಿಯ ಬಾಗಿಲಲ್ಲಿ ಗಿರಾಕಿಗಳು ಗುಂಪುಗೂಡಿದ್ದರು.

"ಕಲ್ಲುಗುಂಡಿನ ಹಾಗಿದ್ದ ಮನುಷ್ಯ," ಎಂದ ಸೌದೆ ಡಿಪೋದವನು. "ನೀರೇ ಕಾರಣ. ಟ್ಯಾಂಕಿಗೆ ಅವರು ಏನೋ ಬೆರೆಸ್ತಿದಾರೆ ಅಂತ ನಂಗೆ ಹೇಳಿದ್ದೇ ನಿಮ್ಮಪ್ಪ."

"ನಂಗೂ ಹೇಳಿದ್ರು," ಎಂದರು ನಿವೃತ್ತ ಮೇಷ್ಟ್ರು. "ಸುಳ್ಳಾಡೋ ಜನ ಅಲ್ಲ."

'ಅವರು' ಎಂದರೆ ಸೇತುವೆಯಾಚೆ ಗುಡಿಸಲು ಹಾಕಿಕೊಂಡಿದ್ದ ವಲಸೆಯವರು. ಮಗಳ ಕೈ ನಿಂತಿತು.

"ಹಾರ್ಟ್ ಅಟ್ಯಾಕ್ ಅಂತ ಡಾಕ್ಟ್ರೇ ಹೇಳಿದ್ರಲ್ಲ, ಮಾವ."

"ಡಾಕ್ಟ್ರಿಗೆ ಮೇಲಿನವರು ಹೇಳ್ಕೊಟ್ಟಿರ್ತಾರಮ್ಮ."

*

ಹಿಂದಿನ ತಿಂಗಳು, ಅಂಗಡಿ ಗುಡಿಸುತ್ತ ಅವಳೇ ಕೇಳಿದ್ದಳು.

"ಟ್ಯಾಂಕಿನ ಹತ್ರ ಯಾರೋ ಓಡಾಡ್ತಿದ್ರು ಅಂತ ಡಿಪೋ ಮಾವ ಅಂದಿದ್ದನ್ನ ಮೇಷ್ಟ್ರಿಗೆ ಯಾಕಪ್ಪ ಹೇಳ್ದೆ?"

"ಮಾತಿಲ್ದಿದ್ರೆ ಗಿರಾಕಿ ತೂಕಡಿಸ್ತಾನೆ, ಮಗಳೆ. ಅವರಂದಿದ್ದು ಇವರಿಗೆ, ಇವರಂದಿದ್ದು ಅವರಿಗೆ. ನನ್ನ ಗಂಟೇನು ಹೋಗುತ್ತೆ?"

"ಏನೋ ಬೆರೆಸೋಕೇ ಬಂದಿರ್ತಾರೆ ಅಂತ ಮೇಷ್ಟ್ರು ಅಂದ್ರು. ಅದನ್ನ ತಿರುಗಿ ಡಿಪೋ ಮಾವನ ಕಿವಿಗೆ ಹಾಕ್ದೆ."

ಅಪ್ಪ ನಕ್ಕಿದ್ದ. "ಅದಕ್ಕವನು, 'ನೋಡಿದ್ರಾ, ನಂಗೆ ಅನುಮಾನ ಇದ್ದೇ ಇತ್ತು, ಈಗ ಊರೆಲ್ಲ ಅದೇ ಮಾತು' ಅಂದ."

"ನೀನು ನಂಬ್ತೀಯಾ?"

ಅಪ್ಪ ಕತ್ತಿ ಒರೆಸಿಟ್ಟ. "ಮೊದಲು ನಂಬ್ತಿರಲಿಲ್ಲ," ಎಂದ.

ಅಂದಿನಿಂದ ಅವನೂ ನೀರು ಕುದಿಸಿಯೇ ಕುಡಿದ.

*

ಮಣ್ಣು ಮುಚ್ಚಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಆ ಮಾತು ಅಪ್ಪಂದಲ್ಲ. ಶುರು ಮಾಡಿದ್ದು ಡಿಪೋ ಮಾವ. ಬೆರೆಸ್ತಾರೆ ಅಂದಿದ್ದು ಮೇಷ್ಟ್ರೇ, ನೀವು. ಅಪ್ಪ ಬರೀ ದಾಟಿಸಿದ್ದು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೇಷ್ಟ್ರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ತಾವೇ ಅಂದದ್ದು ಅವರಿಗೆ ನೆನಪಿರಲಿಲ್ಲ.

"ಸಂಕಟದಲ್ಲಿ ಏನೇನೋ ಅನ್ಸುತ್ತೆ, ಮಗು," ಎಂದು ಅವಳ ತಲೆ ಸವರಿದರು.

"ಹಾಗಾದ್ರೆ ನಿಮ್ಮಪ್ಪ ನೀರು ಕುದಿಸಿ ಯಾಕಮ್ಮ ಕುಡೀತಿದ್ರು?" ಎಂದ ಡಿಪೋದವನು, ಮೆಲ್ಲಗೆ.



ವಾಪಸಾಗುವಾಗ ಸೇತುವೆಯ ಹತ್ತಿರ ಹೆಂಗಸರು ಮನೆಯ ಕಡೆ ತಿರುಗಿದರು. ಗಂಡಸರು ತಿರುಗಲಿಲ್ಲ. ಚಟ್ಟದ ಬಿದಿರುಗಳನ್ನು ಬಿಚ್ಚಿ ಹೆಗಲ ಮೇಲಿಟ್ಟುಕೊಂಡೇ ಅವರು ಸೇತುವೆ ಹತ್ತಿದರು.

ಆಚೆ ದಡದಲ್ಲಿ, ಮೊದಲ ಗುಡಿಸಲಿನ ಮುಂದೆ ಪಾತ್ರೆ ತಿಕ್ಕುತ್ತಿದ್ದ ಹೆಂಗಸು ತಲೆಯೆತ್ತಿದಳು. ಮಣ್ಣಿಗೆ ಹೋಗಿ ಬಂದವರೆಂದು ತಿಳಿದು, ಒದ್ದೆ ಕೈ ಒರೆಸಿಕೊಂಡು ಎದ್ದು, ತಲೆ ಬಾಗಿಸಿ ನಿಂತಳು.