ಘರ್ ಅಂದರೆ ಮನೆ

ಹಿಂದಿ ಬರುತ್ತದೆ ಎಂಬ ಜಂಬ ಭಾವಿಕೇರಿಯಲ್ಲಿ ಯಾರಿಗಾದರೂ ಇದ್ದರೆ ಅದು ಅಂಗನವಾಡಿಯ ರುಕ್ಮಿಣಿ ಅಕ್ಕೋರಿಗೆ. ಹುಡುಗಿಯಾಗಿದ್ದಾಗ ಪಾಸು ಮಾಡಿದ ಹಿಂದಿ ಪರೀಕ್ಷೆಯ ಫಸ್ಟ್ ಕ್ಲಾಸ್ ಸರ್ಟಿಫಿಕೇಟು ಅಂಗನವಾಡಿಯ ಗೋಡೆಯಲ್ಲಿ ಪೋಲಿಯೋ ಪೋಸ್ಟರಿನ ಪಕ್ಕ ನೇತಾಡುತ್ತಿತ್ತು. ಅದನ್ನು ಓದುವ ವಯಸ್ಸಿನ ಮಗು ಅಲ್ಲಿ ಒಂದೂ ಇರಲಿಲ್ಲ, ಆ ಮಾತು ಬೇರೆ.

ಹಾಗಾಗಿ 2008ರ ಮಳೆಗಾಲದಲ್ಲಿ ಬೊಮ್ಮಯ್ಯನ ಸೊಸೆ ಮಿನತಿ ಒಡೆದ ತುಟಿ ಸೆರಗಲ್ಲಿ ಒತ್ತಿಕೊಂಡು ಓಡಿಬಂದದ್ದು ಅಕ್ಕೋರ ಹತ್ತಿರವೇ. ಒರಿಸ್ಸಾದ ಗಂಜಾಂ ಕಡೆಯವಳು. ಅಪ್ಪ, ಅಣ್ಣಂದಿರ ಜೊತೆ ಅರ್ಗಾದ ನೌಕಾನೆಲೆಯಲ್ಲಿ ಕಾಂಕ್ರೀಟು ಹೊರಲು ಬಂದಿದ್ದಳು. ಅಲ್ಲಿ ಕಂತ್ರಾಟುದಾರನ ಕೈಕೆಳಗೆ ಸೂಪರ್‌ವೈಸರ್ ಆಗಿದ್ದ ಬೊಮ್ಮಯ್ಯನ ಮಗ ಸುಜಯ ಮೆಚ್ಚಿ ಕಟ್ಟಿಕೊಂಡ. ಕೆಲಸ ಮುಗಿದು ಅವಳ ಕಡೆಯವರು ರೈಲು ಹತ್ತಿದ್ದೇ ತಡ, ಅವನ ಕೈ ಏಳತೊಡಗಿತು. ಕೇಳುವವರು ಯಾರಿದ್ದಾರೆ! ಸಾರಿಗೆ ಉಪ್ಪು ಹೆಚ್ಚಾದರೂ ಏಟು, ಕಡಿಮೆಯಾದರೂ ಏಟು. ಎರಡು ವರ್ಷದ ಮಗಳನ್ನು ಅತ್ತೆ ಹೀರಾ ಸೊಂಟದಿಂದ ಇಳಿಸುತ್ತಿರಲಿಲ್ಲ. "ಹೋಗೂದಾದ್ರೆ ಹೋಗು, ಮಗು ಮಾತ್ರ ಸಿಕ್ಕೂದಿಲ್ಲ" ಅನ್ನುವುದು ಅವಳ ಒಂದೇ ಮಾತು.

ರುಕ್ಮಿಣಿ ಕೆಟ್ಟವಳಲ್ಲ. ಮಿನತಿಯ ಬೆನ್ನು ನೋಡಿ ಅವಳ ಕರುಳು ಚುರುಕ್ಕೆಂದಿತು. ಮರುದಿನವೇ ಬಸ್ಸು ಹತ್ತಿಸಿ ಕಾರವಾರಕ್ಕೆ ಕರೆದೊಯ್ದಳು. ಹೆಂಗಸರ ದೂರು ನೋಡುವ ಕಚೇರಿಯ ಮೇಡಂ ಘಟ್ಟದ ಮೇಲಿನವರು, ಹಿಂದಿ ಸೊನ್ನೆ.

"ನೀವು ಸಿಕ್ಕಿದ್ದು ಪುಣ್ಯ" ಎಂದರು ಮೇಡಂ. ಅಕ್ಕೋರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಹೊಸ ಕಾಯ್ದೆ ಬಂದಿದೆ. ಗಂಡನ ಮನೆಯಲ್ಲೇ ಇರ್ತೀನಿ ಅಂದರೆ ಯಾರೂ ಹೊರಹಾಕದ ಹಾಗೆ ಆದೇಶ ಕೊಡಿಸ್ತೀವಿ. ಬೇಡ, ಹೊರಟುಹೋಗ್ತೀನಿ ಅಂದರೆ ಮಗು ಕೊಡಿಸೋಕೆ ಕೇಳ್ತೀವಿ. ಹೊರಗಿನವಳು, ಇಲ್ಲಿನವಳು ಅನ್ನೋ ಭೇದ ಇಲ್ಲ. ಅವಳಿಗೇನು ಬೇಕು, ಕೇಳಿ."

ಅಷ್ಟು ಉದ್ದದ್ದನ್ನು ಹಿಂದಿ ಮಾಡಲು ಅಕ್ಕೋರಿಗೆ ಎಲ್ಲಿ ಬರಬೇಕು? ಫಸ್ಟ್ ಕ್ಲಾಸೇ ಇರಬಹುದು, ಆ ಪುಸ್ತಕದಲ್ಲಿ ಕಾಯ್ದೆಯ ಪಾಠ ಇರಲಿಲ್ಲ. ಬರುವುದಿಲ್ಲ ಎಂದು ಹೇಳಿದ್ದರೆ ಗಂಟು ಹೋಗುತ್ತಿತ್ತೇ? ಹೇಳಲಿಲ್ಲ. "ಕ್ಯಾ ಚಾಹಿಯೇ?" ಎಂದಷ್ಟೇ ಕೇಳಿದರು.

"ಘರ್ ಜಾನಾ ಹೈ" ಎಂದಳು ಮಿನತಿ, ಎರಡೂ ಕೈ ಜೋಡಿಸಿ. "ಬೇಟಿ ಚಾಹಿಯೇ. ಘರ್ ಜಾನಾ ಹೈ."

"ಮನೆಗೆ ಹೋಗಬೇಕಂತೆ ಮೇಡಂ, ಮಗು ಬೇಕಂತೆ."

ಭಾವಿಕೇರಿಯಲ್ಲಿ ಮದುವೆಯಾದ ಹೆಂಗಸಿಗೆ ಮನೆ ಅಂದರೆ ಗಂಡನದು. ಹುಟ್ಟಿದ ಮನೆಗೆ ಅಪ್ಪನ ಮನೆ ಎಂದು ಬೇರೆಯೇ ಹೆಸರುಂಟು. ಮಿನತಿ ಅಪ್ಪನ ಹೆಸರೆತ್ತಲಿಲ್ಲ, ಅಕ್ಕೋರಿಗೆ ಸಂಶಯವೂ ಬರಲಿಲ್ಲ.

ಮೇಡಂ ಪೆನ್ನು ನಿಲ್ಲಿಸಿದರು. "ಇಷ್ಟು ಹೊಡೆಸಿಕೊಂಡು ಮತ್ತೆ ಅಲ್ಲಿಗೇನಾ? ಇನ್ನೊಮ್ಮೆ ಕೇಳಿ."

"ಕೇಳೂದೆಂಥದು ಮೇಡಂ, ಹೆಂಗಸಿನ ಜೀವ!" ಎಂದು ಅಕ್ಕೋರು ನಿಟ್ಟುಸಿರು ಬಿಟ್ಟರು. ಬರೆದದ್ದು ಬರೆದಂತೆ ಹೋಯಿತು. ಕೆಳಗೆ ಮಿನತಿ ಹೆಬ್ಬೆಟ್ಟು ಒತ್ತಿದಳು. ಒತ್ತುವಾಗ ನಗುತ್ತಿದ್ದಳು.

ಹದಿನೆಂಟು ದಿನ ಅವಳು ಕಾರವಾರದಲ್ಲೇ, ದಿಕ್ಕಿಲ್ಲದ ಹೆಂಗಸರನ್ನು ಇಟ್ಟುಕೊಳ್ಳುವ ಕಡೆ ಇದ್ದಳು. ಆದೇಶ ಬಂದ ದಿನ ಮೇಡಂ ಜೀಪಿನಲ್ಲಿ ಅವಳನ್ನು ಕೂರಿಸಿಕೊಂಡು ಹೊರಟರು, ಜೊತೆಗೆ ಅಕ್ಕೋರು. ಅಂಕೋಲೆ ಬರುವವರೆಗೂ ಮಿನತಿಯ ಬಾಯಿ ನಿಲ್ಲಲಿಲ್ಲ. ರೈಲು ಸ್ಟೇಷನ್ನಿಗೆ ಹೋಗುವ ಮೊದಲು ಮಗಳನ್ನು ಎತ್ತಿಕೊಳ್ಳಬೇಕಲ್ಲ, ಬಟ್ಟೆ ಎಷ್ಟು ತರಲಿ, ದಾರಿಗೆ ಹಾಲು ಸಿಗುತ್ತದೆಯೇ. ಸ್ಟೇಷನ್ ಎಂಬ ಮಾತು ಕಿವಿಗೆ ಬಿದ್ದಾಗ ಅಕ್ಕೋರು ತಟ್ಟನೆ ತಿರುಗಿ ಅವಳ ಮುಖ ನೋಡಿದರು. ಅಯ್ಯೋ ದೇವರೇ, ಅಂದರೆ ಇವಳು ಹೇಳಿದ ಘರ್ ಯಾವುದು?

ಅಷ್ಟರಲ್ಲಿ ಜೀಪು ಬೊಮ್ಮಯ್ಯನ ಅಂಗಳದಲ್ಲಿ ನಿಂತಿತ್ತು. ಅರ್ಧ ಕೇರಿ ಸೇರಿತ್ತು. ಮೇಡಂ ಆದೇಶ ಓದಿದರು: ಸುಜಯ ಹೆಂಡತಿಗೆ ಕೈ ಮಾಡಕೂಡದು, ಅವಳನ್ನು ಮನೆಯಿಂದ ಹೊರಹಾಕಕೂಡದು. ಸುಜಯ ಕೈಕಟ್ಟಿ ನಿಂತು "ಆಗ್ಲಿ ಮೇಡಂ, ಆಗ್ಲಿ" ಎಂದ. ಜೀಪು ತಿರುಗುವುದನ್ನು ಕಂಡಾಗ ಮಿನತಿಗೆ ಅರ್ಥವಾಯಿತು. ಜೀಪಿನ ಬಾಗಿಲ ಸರಳು ಹಿಡಿದು ಕೂಗಿದಳು, "ಯೇ ಘರ್ ನಹೀಂ! ದೀದೀ, ಯೇ ಘರ್ ನಹೀಂ!"

"ಏನಂತೆ?" ಎಂದರು ಮೇಡಂ.

ಇದು ಮನೆಯಲ್ಲ ಎನ್ನುತ್ತಿದ್ದಾಳೆಂದು ಅಕ್ಕೋರಿಗೆ ತಿಳಿಯಿತು. ತಪ್ಪಾಯಿತು ಎನ್ನಲು ಒಂದು ಮಾತು ಸಾಕಿತ್ತು. ಆದರೆ ಕೇರಿಯವರೆಲ್ಲ ಅಕ್ಕೋರ ಬಾಯಿಯನ್ನೇ ನೋಡುತ್ತಿದ್ದರು. ಹಿಂದಿ ಅಕ್ಕೋರಿಗೆ ಹಿಂದಿಯೇ ಬರುವುದಿಲ್ಲವಂತೆ ಎಂದು ನಾಳೆ ಬಾವಿಕಟ್ಟೆಯಲ್ಲಿ ನಗುವವರೂ ಅವರೇ.

"ಎಂಥದೂ ಇಲ್ಲ ಮೇಡಂ. ಮಗು ನೋಡದೇ ಬಹಳ ದಿನ ಆಯ್ತಲ್ಲ, ಅದಕ್ಕೆ ಅಳ್ತಾಳೆ."

ಮೇಡಂ ಕಣ್ಣೊರೆಸಿಕೊಂಡರು. ಕೇರಿಯ ಹೆಂಗಸರೂ ಮೂಗು ಸೀಟಿದರು. ಹೀರಾಳ ಸೊಂಟದಲ್ಲಿದ್ದ ಮಗು ಅಮ್ಮನನ್ನು ಕಂಡು ಚೀರಿತು.

ಜೀಪಿನ ಹೊಗೆ ಆರಿದ ಮೇಲೆ ಸುಜಯ ಆದೇಶದ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದ. "ಅಕ್ಕೋರೇ, ಹೊರಗೆ ಹಾಕಕೂಡದು ಅಂತ ಸರಕಾರನೇ ಬರೆದುಕೊಟ್ಟಿತಲ್ಲ? ಹಾಕೂದೇ ಇಲ್ಲ, ಬಿಡಿ." ಹೆಂಡತಿಯ ಜುಟ್ಟು ಹಿಡಿದು ಒಳಗೆ ನೂಕಿದ. ಚಿಲಕ ಹೊರಗಿನಿಂದ ಬಿತ್ತು.

ಆ ಚಿಲಕದ ಸದ್ದು ರುಕ್ಮಿಣಿಗೆ ಊಟದಲ್ಲೂ ಕೇಳುತ್ತಿತ್ತು. ಕಡೆಗೆ ಒಂದು ತಿಂಗಳಾದ ಮೇಲೆ ಮೇಡಂ ಫೋನು ಮಾಡಿದರು. "ಹೋಗಿ ಅವಳ ಹೇಳಿಕೆ ಬರೆದುಕೊಂಡು ಬನ್ನಿ. ತೊಂದರೆ ಇದ್ದರೆ ಆದೇಶ ಬದಲು ಮಾಡಿಸೋಣ. ಆದರೆ ಅವಳ ಬಾಯಿಂದಲೇ ಬರಬೇಕು."

ಅಕ್ಕೋರಿಗೆ ಹೋದ ಜೀವ ಬಂದಂತಾಯಿತು. ಸುಜಯ ಅರ್ಗಾಕ್ಕೆ, ಹೀರಾ ಮಗು ಎತ್ತಿಕೊಂಡು ಮೀನಿಗೆ ಹೋದ ಹೊತ್ತು ನೋಡಿ ಹಿತ್ತಲ ಕಿಟಕಿಗೆ ಓಡಿದರು. ಒಳಗಿದ್ದ ಮಿನತಿಯ ಎಡಗಣ್ಣು ಮುಚ್ಚಿತ್ತು, ಬಲಗೈ ಬೆರಳು ಎರಡು ಸೊಟ್ಟಗಾಗಿದ್ದವು. ಸುತ್ತ ನರಪಿಳ್ಳೆ ಇರಲಿಲ್ಲ, ಹೆದರುವುದಕ್ಕೆ ಏನೂ ಇರಲಿಲ್ಲ.

"ಬೋಲೋ ಮಿನತಿ, ಸಬ್ ಬೋಲೋ" ಎಂದು ಅಕ್ಕೋರು ಗೋಗರೆದರು. "ಈ ಸಲ ಸರಿಯಾಗಿ ಹೇಳ್ತೆ. ನನ್ನಾಣೆ. ಗಂಜಾಂ ಅಂತಲೇ ಬರೀತೆ. ಬೋಲೋ, ನಿನ್ನ ಕಾಲು ಹಿಡೀತೆ."

ಮಿನತಿ ತೆರೆದಿದ್ದ ಒಂದೇ ಕಣ್ಣಿನಲ್ಲಿ ಅಕ್ಕೋರನ್ನು ನೋಡಿದಳು. ಆಮೇಲೆ, ಈ ಮನೆಯಲ್ಲಿ ಏಟಿನ ಜೊತೆ ಕಲಿತ ಕನ್ನಡದಲ್ಲಿ ಒಂದೊಂದೇ ಮಾತು ಹೇಳಿದಳು.

"ನಿಮ್ಮ ಹಿಂದಿ ನಂಗೆ ತಿಳೂದಿಲ್ಲ, ಅಕ್ಕೋರೇ."

ಕಿಟಕಿಯ ಬಾಗಿಲನ್ನು ಅವಳೇ ಒಳಗಿನಿಂದ ಹಾಕಿಕೊಂಡಳು.